ಬಿಸಿ ಉಪಕುಬ್ಜ ನಕ್ಷತ್ರಗಳು ಮತ್ತು ಯಮಳ ವಿಕಾಸ

ಹೊರ ಹೊದಿಕೆಯನ್ನು ಬಹುಪಾಲು ಕಳೆದುಕೊಂಡು, ಗರ್ಭದಲ್ಲಿ ಹೀಲಿಯಂ ಉರಿಸುತ್ತಿರುವ ಪುಟ್ಟ ನೀಲಿ ನಕ್ಷತ್ರಗಳಿಗೆ ಬಿಸಿ ಉಪಕುಬ್ಜಗಳೆಂದು ಹೆಸರು. ಇವುಗಳ ದ್ರವ್ಯರಾಶಿ ಸೂರ್ಯನ ಅರ್ಧಕ್ಕಿಂತ ತುಸು ಕಡಿಮೆ, ಬಹುತೇಕ 0.47 ಸೌರರಾಶಿಯ ಆಸುಪಾಸು. ತ್ರಿಜ್ಯ ಸೂರ್ಯನ ತ್ರಿಜ್ಯದ 0.1ರಿಂದ 0.3ರಷ್ಟು. ನಡುಗಾತ್ರದ ಒಂದು ಉಪಕುಬ್ಜದ ವ್ಯಾಸ ಗುರುಗ್ರಹದ ಎರಡರಷ್ಟಿದ್ದೀತು, ಅಷ್ಟೇ. ಆದರೆ ಮೇಲ್ಮೈ ತಾಪ 20,000 ಕೆಲ್ವಿನ್‌ನಿಂದ ಶುರುವಾಗಿ ಕೆಲವಲ್ಲಿ 80,000 ದಾಟುತ್ತದೆ. ಸೂರ್ಯನದು 5,772 ಕೆಲ್ವಿನ್. ಹೀಗಾಗಿ ಗಾತ್ರ ಕಿರಿದಾದರೂ ಇವು ಸೂರ್ಯನಿಗಿಂತ ಹತ್ತಾರು ಪಟ್ಟು ಪ್ರಕಾಶಮಾನ. ಆ ಬೆಳಕಿನ ಬಹುಪಾಲು ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಾಗಿ ಹೊರಬೀಳುತ್ತದೆ.

ಒಂಟಿಯಾಗಿ ಬಾಳುವ ನಕ್ಷತ್ರ ಈ ಸ್ಥಿತಿಗೆ ಬರಲು ಸುಲಭದ ದಾರಿಯಿಲ್ಲ. ಹೊದಿಕೆ ಕಳಚಲು ಪಕ್ಕದಲ್ಲಿ ಇನ್ನೊಂದು ನಕ್ಷತ್ರ ಬೇಕು. ಯಮಳ ನಕ್ಷತ್ರಗಳ ವಿಕಾಸವನ್ನು ಅಭ್ಯಸಿಸುವವರಿಗೆ ಉಪಕುಬ್ಜಗಳು ಮುಖ್ಯವಾಗುವುದು ಈ ಕಾರಣಕ್ಕೆ: ಜೋಡಿಯ ನಡುವೆ ಹಿಂದೆ ನಡೆದ ಕೊಡುಕೊಳ್ಳುವಿಕೆಯ ಲೆಕ್ಕ ಇವುಗಳ ಇಂದಿನ ಕಕ್ಷೆಯಲ್ಲಿ ಉಳಿದುಕೊಂಡಿರುತ್ತದೆ.

ಪತ್ತೆ

1947ರಲ್ಲಿ ಮಿಲ್ಟನ್ ಹ್ಯೂಮಸನ್ ಮತ್ತು ಫ್ರಿಟ್ಸ್ ಜ್ವಿಕಿ ಪಾಲೊಮಾರ್‌ನಲ್ಲಿ ತೆಗೆದ ಚಿತ್ರಗಳಲ್ಲಿ ಮಸುಕಾದ ನೀಲಿ ನಕ್ಷತ್ರಗಳನ್ನು ಹುಡುಕಿದರು. ಆಕಾಶಗಂಗೆಯ ತಟ್ಟೆಯಿಂದ ದೂರ, ಅದರ ಉತ್ತರ ಧ್ರುವದ ದಿಕ್ಕಿನಲ್ಲಿ ಅಂಥವು ಸಿಕ್ಕಿದ್ದು ವಿಚಿತ್ರವಾಗಿತ್ತು. ನೀಲಿ ನಕ್ಷತ್ರಗಳು ಅಲ್ಪಾಯುಷಿಗಳು, ಹುಟ್ಟಿದ ತಟ್ಟೆಯಲ್ಲೇ ಇರಬೇಕಾದವು. ಇಲ್ಲಿ ಸಿಕ್ಕವು ಹರೆಯದ ನೀಲಿ ನಕ್ಷತ್ರಗಳಲ್ಲ, ಮುದಿತನದಲ್ಲಿ ಮೈ ಕಳಚಿಕೊಂಡವು ಎಂಬುದು ಸ್ಪಷ್ಟವಾಗಲು ದಶಕಗಳು ಹಿಡಿದವು. ಜೆಸ್ಸಿ ಗ್ರೀನ್‌ಸ್ಟೀನ್ ಮತ್ತು ವಾಲೆಸ್ ಸಾರ್ಜೆಂಟ್ 1974ರಲ್ಲಿ ಇವುಗಳ ತಾಪ ಮತ್ತು ಗುರುತ್ವವನ್ನು ಒಟ್ಟಾಗಿ ಪರಿಶೀಲಿಸಿದರು. 1986ರಲ್ಲಿ ಉಲ್ರಿಚ್ ಹೇಬರ್ ಇವುಗಳಿಗೆ ವಿಕಾಸದ ನಕ್ಷೆಯಲ್ಲಿ ನೆಲೆ ತೋರಿಸಿದರು. ಹೀಲಿಯಂ ಉರಿಸುವ ನಕ್ಷತ್ರಗಳು ಹರ್ಟ್ಸ್‌ಸ್ಪ್ರಂಗ್-ರಸೆಲ್ ನಕ್ಷೆಯಲ್ಲಿ ಅಡ್ಡವಾಗಿ ಸಾಲುಗಟ್ಟುತ್ತವೆ. ಅದಕ್ಕೆ ಸಮತಲ ಶಾಖೆ ಎನ್ನುತ್ತಾರೆ. ಉಪಕುಬ್ಜಗಳಿರುವುದು ಆ ಶಾಖೆಯ ಕಟ್ಟಕಡೆಯ ನೀಲಿ ತುದಿಯಲ್ಲಿ.

ರೋಹಿತದ ಪ್ರಕಾರ ಇವುಗಳಲ್ಲಿ ಎರಡು ಮುಖ್ಯ ಬಗೆ. ಬಿ ವರ್ಗದವು ಸುಮಾರು 40,000 ಕೆಲ್ವಿನ್‌ವರೆಗಿನವು. ಸಂಖ್ಯೆಯಲ್ಲಿ ಹೆಚ್ಚು, ಸ್ವಭಾವದಲ್ಲಿ ಬಹುಮಟ್ಟಿಗೆ ಒಂದೇ ತೆರನವು. ಅದಕ್ಕಿಂತ ಬಿಸಿಯಾದ ಒ ವರ್ಗದ್ದು ಬೆರಕೆ ಗುಂಪು: ಬಿ ವರ್ಗದವೇ ಮುಂದೆ ಬೆಳೆದು ಬಂದವು, ವಿಲೀನದಿಂದ ಹುಟ್ಟಿದವು, ಬೇರೆ ದಾರಿ ಹಿಡಿದು ಈ ತಾಪ ಮುಟ್ಟಿದವು ಎಲ್ಲವೂ ಅದರಲ್ಲಿವೆ. ಗಾಯಾ ಉಪಗ್ರಹದ ದೂರದಳತೆ ಕೈಗೆ ಬಂದಮೇಲೆ ಪಟ್ಟಿ ಬೇಗಬೇಗನೆ ಬೆಳೆದು, ರೋಹಿತದಿಂದ ದೃಢಪಟ್ಟ ಬಿಸಿ ಉಪಕುಬ್ಜಗಳ ಸಂಖ್ಯೆ 6,000 ಮೀರಿದೆ.

ಒಳರಚನೆ

ಸೂರ್ಯನಂಥ ನಕ್ಷತ್ರ ಗರ್ಭದ ಹೈಡ್ರೊಜನ್ ಮುಗಿದಮೇಲೆ ಉಬ್ಬಿ ಕೆಂಪು ದೈತ್ಯವಾಗುತ್ತದೆ. ಒಳಗೆ ಹೀಲಿಯಂ ತುಂಬಿದ ಗರ್ಭ ಕುಗ್ಗುತ್ತಾ ಕಾಯುತ್ತಾ ಹೋಗುತ್ತದೆ. ಅದರ ಸುತ್ತ ತೆಳುವಾದ ಪದರದಲ್ಲಿ ಹೈಡ್ರೊಜನ್ ಉರಿಯುತ್ತಿರುತ್ತದೆ. ಗರ್ಭ ಸುಮಾರು 0.47 ಸೌರರಾಶಿ ಮುಟ್ಟಿ, ತಾಪ ಹತ್ತು ಕೋಟಿ ಕೆಲ್ವಿನ್ ತಲುಪಿದಾಗ ಹೀಲಿಯಂ ಹೊತ್ತಿಕೊಳ್ಳುತ್ತದೆ. ಆ ಗರ್ಭದ ದ್ರವ್ಯ ಎಷ್ಟು ಒತ್ತರಿಸಿಕೊಂಡಿರುತ್ತದೆಂದರೆ, ಬಿಸಿಯಾದರೂ ಅದು ಕೂಡಲೇ ಹಿಗ್ಗುವುದಿಲ್ಲ. ತಾಪ ಏರುತ್ತದೆ, ಉರಿ ಇನ್ನೂ ಜೋರಾಗುತ್ತದೆ. ಹೀಲಿಯಂ ಸ್ಫುರಣವೆಂದು ಕರೆಯುವ ಈ ಘಟನೆಯ ಹೊತ್ತಿಗೆ ನಕ್ಷತ್ರದ ತ್ರಿಜ್ಯ ಸೂರ್ಯನಿಗಿಂತ ನೂರೈವತ್ತು ಪಟ್ಟಿಗೂ ಮಿಕ್ಕಿರುತ್ತದೆ. ಹೊತ್ತಿಕೊಳ್ಳುವ ಗಳಿಗೆಯಲ್ಲಿ ಗರ್ಭದ ರಾಶಿ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದಲೇ ಉಪಕುಬ್ಜಗಳ ದ್ರವ್ಯರಾಶಿಯೂ 0.47ರ ಸುತ್ತ ಗುಂಪುಗೂಡಿದೆ. ಹುಟ್ಟಿನಲ್ಲೇ ಎರಡು ಸೌರರಾಶಿಗಿಂತ ಭಾರವಿದ್ದ ನಕ್ಷತ್ರಗಳಲ್ಲಿ ಸ್ಫುರಣವಿಲ್ಲದೆ, ನಿಧಾನವಾಗಿ, ಇನ್ನೂ ಹಗುರವಾದ ಗರ್ಭದಲ್ಲೇ ಹೀಲಿಯಂ ಹೊತ್ತಬಹುದು. ಅವುಗಳಿಂದ 0.3 ಸೌರರಾಶಿಯಷ್ಟು ಸಣ್ಣ ಉಪಕುಬ್ಜವೂ ಹುಟ್ಟುತ್ತದೆ.

ಈಗ, ಹೊತ್ತಿಕೊಳ್ಳುವ ಹೊತ್ತಿಗೆ ಸರಿಯಾಗಿ ದೈತ್ಯದ ಹೊದಿಕೆ ಇಲ್ಲವಾಯಿತೆನ್ನಿ. ಉಳಿಯುವುದು ಸಿಪ್ಪೆ ಸುಲಿದ ತೆಂಗಿನಕಾಯಿಯಂಥ ಬೆತ್ತಲೆ ಗರ್ಭ. ಅದರ ಮೇಲಿನ ಹೈಡ್ರೊಜನ್ ಪದರ ಸೌರರಾಶಿಯ ನೂರರಲ್ಲಿ ಒಂದೆರಡು ಪಾಲು ಮಾತ್ರ, ಹಲವೊಮ್ಮೆ ಅದಕ್ಕಿಂತಲೂ ತೆಳು. ಅಷ್ಟು ತೆಳುವಾದ ಪದರದಲ್ಲಿ ಹೈಡ್ರೊಜನ್ ಉರಿ ನಿಲ್ಲದು. ಶಕ್ತಿಯೆಲ್ಲ ಒಳಗಿನ ಹೀಲಿಯಂನಿಂದಲೇ ಬರಬೇಕು. ಸುಮಾರು ಹತ್ತು ಕೋಟಿ ವರ್ಷ ಹೀಗೆ ಸಾಗುತ್ತದೆ. ಆಮೇಲೆ ಮತ್ತೊಮ್ಮೆ ದೈತ್ಯವಾಗಿ ಉಬ್ಬಲು ಹೊದಿಕೆಯೇ ಇಲ್ಲ. ಇನ್ನಷ್ಟು ಬಿಸಿಯಾಗಿ, ಒ ವರ್ಗವನ್ನು ಹಾದು, ನೇರವಾಗಿ ಬಿಳಿ ಕುಬ್ಜವಾಗುತ್ತದೆ.

ಮೇಲ್ಮೈಯ ಗುರುತ್ವ ಭೂಮಿಯದಕ್ಕಿಂತ ನೂರರಿಂದ ಸಾವಿರ ಪಟ್ಟು. ಇದರಿಂದ ಬಿ ವರ್ಗದ ಉಪಕುಬ್ಜಗಳಲ್ಲಿ ಒಂದು ವಿಪರ್ಯಾಸ ಕಾಣುತ್ತದೆ. ಒಳಗೆ ಹೀಲಿಯಂ ಉರಿಸುವ ನಕ್ಷತ್ರದ ಹೊರಮೈಯಲ್ಲಿ ಹೀಲಿಯಂ ಬಲು ವಿರಳ. ಭಾರಕ್ಕೆ ಅದು ಕೆಳಗಿಳಿದಿರುತ್ತದೆ, ಹಗುರ ಹೈಡ್ರೊಜನ್ ಮೇಲೆ ತೇಲುತ್ತದೆ. ಇದಕ್ಕೆ ವಿರುದ್ಧವಾಗಿ ಕೆಲವು ಭಾರದ ಧಾತುಗಳನ್ನು ಬೆಳಕಿನ ಒತ್ತಡವೇ ಮೇಲೆತ್ತಿ ಹಿಡಿಯುತ್ತದೆ. ಎಲ್‌ಎಸ್ ನಾಲ್ಕು −14°116 ಎಂಬ ನಕ್ಷತ್ರದ ಹೊರಪದರದಲ್ಲಿ ಜಿರ್ಕೋನಿಯಂ ಸೂರ್ಯನಲ್ಲಿರುವುದರ ಹತ್ತು ಸಾವಿರ ಪಟ್ಟು ಇರುವುದು 2011ರಲ್ಲಿ ಬೆಳಕಿಗೆ ಬಂತು.

ಹೀಗೆ ಮೇಲೆತ್ತಲ್ಪಟ್ಟ ಕಬ್ಬಿಣ ಒಂದು ಪದರದಲ್ಲಿ ದಟ್ಟವಾದರೆ ಬೆಳಕಿನ ದಾರಿಗೆ ಅಡ್ಡಿಯಾಗಿ ನಕ್ಷತ್ರ ಮಿಡಿಯಬೇಕೆಂದು ಮಾಂಟ್ರಿಯಲ್‌ನ ಸ್ಟೆಫಾನ್ ಶಾರ್ಪಿನೆ ಮತ್ತು ಸಂಗಡಿಗರು 1996ರಲ್ಲಿ ಲೆಕ್ಕ ಹಾಕಿದ್ದರು. ಅದೇ ಸಮಯಕ್ಕೆ ದಕ್ಷಿಣ ಆಫ್ರಿಕದಲ್ಲಿ ಡೇವಿಡ್ ಕಿಲ್ಕೆನಿ ತಂಡ, ಈ ಲೆಕ್ಕದ ಸುಳಿವಿಲ್ಲದೆಯೇ, 144 ಸೆಕೆಂಡಿಗೊಮ್ಮೆ ಮಿಡಿಯುವ ಇಸಿ 14026−2647 ಎಂಬ ಉಪಕುಬ್ಜವನ್ನು ಕಂಡಿತು. 1997ರಲ್ಲಿ ಅದನ್ನು ಪ್ರಕಟಿಸಿತು. ಸಿದ್ಧಾಂತ ಮತ್ತು ವೀಕ್ಷಣೆ ಒಂದನ್ನೊಂದು ಕೇಳದೆ ಒಂದೇ ಕಡೆಗೆ ಬಂದು ಸೇರಿದ ಅಪರೂಪದ ಪ್ರಸಂಗವಿದು. 2003ರಲ್ಲಿ ಎಲಿಜಬೆತ್ ಗ್ರೀನ್ ತಂಡಕ್ಕೆ ಗಂಟೆಯ ಆಸುಪಾಸಿನ ನಿಧಾನ ಮಿಡಿತದವೂ ಸಿಕ್ಕವು. ಈ ಮಿಡಿತಗಳಿಂದ ಅಳೆದ ದ್ರವ್ಯರಾಶಿಗಳು ಮತ್ತೆ 0.47ರ ಸುತ್ತಲೇ ಬಂದು ನಿಂತಿವೆ.

ಹೊದಿಕೆ ಕಳಚುವ ಬಗೆಗಳು

ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತುವಾಗ ಪ್ರತಿಯೊಂದರ ಸುತ್ತಲೂ ಅದರದೇ ಗುರುತ್ವದ ಎಲ್ಲೆಯೊಂದಿರುತ್ತದೆ. ನೀರಹನಿಯ ಆಕಾರದ ಇಂಥ ಎರಡು ವಲಯಗಳು ನಡುವಿನ ಒಂದು ಬಿಂದುವಿನಲ್ಲಿ ಕೂಡುತ್ತವೆ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಗಣಿತಜ್ಞ ಎದುಆರ್ ರೋಷ್ ನೆನಪಿಗೆ ಇದನ್ನು ರೋಷ್ ಹಾಲೆ ಎನ್ನುತ್ತಾರೆ. ನಕ್ಷತ್ರ ಉಬ್ಬಿ ತನ್ನ ಹಾಲೆಯನ್ನು ತುಂಬಿದರೆ ಅದರ ಅನಿಲ ಆ ಬಿಂದುವಿನ ಮೂಲಕ ಸಂಗಾತಿಯತ್ತ ಹರಿಯುತ್ತದೆ. ಇದು ನಿಜಕ್ಕೂ ನಡೆಯುತ್ತದೆಂದು ಒಪ್ಪಿಸಿದ್ದು ಪಾರ್ಥ ಪುಂಜದ ಆಲ್ಗಾಲ್. ಅಲ್ಲಿ ಹಗುರವಾದ ನಕ್ಷತ್ರವೇ ಹೆಚ್ಚು ಮುದಿಯಾದದ್ದು. ಭಾರದ ನಕ್ಷತ್ರ ಬೇಗ ಮುದಿಯಾಗಬೇಕೆಂಬ ನಿಯಮಕ್ಕೆ ಇದು ವಿರುದ್ಧ. ಈಗ ಹಗುರವಾಗಿರುವುದೇ ಮೊದಲು ಭಾರವಾಗಿತ್ತು, ತನ್ನ ದ್ರವ್ಯವನ್ನು ಜೊತೆಗಾರನಿಗೆ ಕೊಟ್ಟಿತು ಎಂಬ ಉತ್ತರ 1950ರ ದಶಕದಲ್ಲಿ ಬಂತು. ಉಪಕುಬ್ಜಗಳೂ ಹೀಗೆಯೇ ಹುಟ್ಟಿರಬಹುದೆಂದು ಮೆಂಗೆಲ್, ನಾರಿಸ್ ಮತ್ತು ಗ್ರಾಸ್ 1976ರಲ್ಲಿ ಸೂಚಿಸಿದರು.

ಹರಿವು ಹೇಗೆ ಸಾಗುತ್ತದೆ ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಎರಡರ ದ್ರವ್ಯರಾಶಿಗಳ ಅನುಪಾತ. ಕೆಂಪು ದೈತ್ಯದ ಹೊದಿಕೆ ಆಳದವರೆಗೂ ಕುದಿಯುತ್ತಿರುವ ಅನಿಲ. ಅದರಿಂದ ಸ್ವಲ್ಪ ತೆಗೆದರೆ ನಕ್ಷತ್ರ ಕುಗ್ಗುವ ಬದಲು ಹಿಗ್ಗುತ್ತದೆ. ಕೊಡುವ ನಕ್ಷತ್ರ ಸಂಗಾತಿಗಿಂತ ಸಾಕಷ್ಟು ಭಾರವಿದ್ದರೆ ಕಕ್ಷೆಯೂ ಹಾಲೆಯೂ ಕಿರಿದಾಗುತ್ತವೆ. ಅತ್ತ ಹಿಗ್ಗು, ಇತ್ತ ಕುಗ್ಗು, ಹರಿವು ಕೈಮೀರುತ್ತದೆ. ಸಂಗಾತಿಗೆ ಅಷ್ಟು ಅನಿಲವನ್ನು ಒಳಗೆ ತೆಗೆದುಕೊಳ್ಳಲಾಗದೆ, ಎರಡೂ ಒಂದೇ ಹೊದಿಕೆಯೊಳಗೆ ಮುಳುಗುತ್ತವೆ.

ಈ ಸಮಾನ ಹೊದಿಕೆಯ ಕಲ್ಪನೆಗೆ ರೂಪ ಕೊಟ್ಟವರಲ್ಲಿ ಪೋಲೆಂಡಿನ ಬೋಹ್ದಾನ್ ಪಾಚಿನ್ಸ್ಕಿ ಮುಖ್ಯರು. ರೋಹಿಣಿಯ ಸುತ್ತ ಕಾಣುವ ಹೈಡೀಸ್ ಗುಚ್ಛದ ವಿ471 ಟೌರಿ ಎಂಬ ಜೋಡಿ ಅವರ 1976ರ ಪ್ರಬಂಧಕ್ಕೆ ಉದಾಹರಣೆಯಾಗಿ ಒದಗಿತು. ಅದರಲ್ಲಿ ಒಂದು ಬಿಳಿ ಕುಬ್ಜ, ಇನ್ನೊಂದು ಸಾಧಾರಣ ನಕ್ಷತ್ರ, ಸುತ್ತುವ ಅವಧಿ ಹನ್ನೆರಡೂವರೆ ಗಂಟೆ. ಬಿಳಿ ಕುಬ್ಜ ಹಿಂದೊಮ್ಮೆ ದೈತ್ಯವಾಗಿದ್ದಾಗ ಅದರ ಮೈ ಇಂದಿನ ಕಕ್ಷೆಗಿಂತ ಎಷ್ಟೋ ದೊಡ್ಡದಿದ್ದಿರಬೇಕು. ಅಂದರೆ ಸಂಗಾತಿ ಆ ಮೈಯ ಒಳಗೇ ಸುತ್ತಿದೆ. ಸುತ್ತುವಾಗ ಎಳೆತಕ್ಕೆ ಸಿಕ್ಕಿ ಕಕ್ಷೆ ಕಿರಿದಾಗುತ್ತದೆ, ಕಳೆದುಕೊಂಡ ಶಕ್ತಿ ಹೊದಿಕೆಗೆ ಹೋಗುತ್ತದೆ, ಕೊನೆಗೆ ಹೊದಿಕೆ ಚದುರುತ್ತದೆ. ನೂರಾರು ದಿನಗಳಿದ್ದ ಕಕ್ಷಾವಧಿ ಕೆಲವು ಗಂಟೆಗಳಿಗೆ ಇಳಿಯುತ್ತದೆ. ಖಗೋಳದ ಲೆಕ್ಕದಲ್ಲಿ ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಹೆಚ್ಚೆಂದರೆ ಸಾವಿರ ವರ್ಷ.

ಯಮಳ ವಿಕಾಸದ ಇಡೀ ಸಿದ್ಧಾಂತದಲ್ಲಿ ಅತ್ಯಂತ ಸಡಿಲವಾದ ಕೊಂಡಿ ಇದೇ. ಕಕ್ಷೆ ಕಳೆದುಕೊಂಡ ಶಕ್ತಿಯ ಎಷ್ಟು ಪಾಲು ಹೊದಿಕೆ ಚದುರಿಸಲು ಬಳಕೆಯಾಯಿತು ಎಂಬುದನ್ನು ಆಲ್ಫಾ ಎಂಬ ಒಂದೇ ಅಂಕಿಯಲ್ಲಿ ಅಡಗಿಸಿ, ವೀಕ್ಷಣೆಗೆ ಹೊಂದುವಂತೆ ಅದನ್ನು ಆರಿಸಿಕೊಳ್ಳುವುದು ರೂಢಿ. ಇದು ವಿವರಣೆಗಿಂತ ಹೊಂದಾಣಿಕೆಯೆಂದೇ ಹೇಳಬೇಕು. ಅನಿಲಚಲನೆಯ ಗಣಕ ಮಾದರಿಗಳಲ್ಲಿ ಹೊದಿಕೆಯನ್ನು ಪೂರ್ತಿ ಹೊರದೂಡುವುದು ಬಹುಕಾಲ ಕಷ್ಟವಾಗಿಯೇ ಉಳಿದಿತ್ತು. ಹೊದಿಕೆ ತಣಿಯುವಾಗ ಎಲೆಕ್ಟ್ರಾನುಗಳು ಅಯಾನುಗಳೊಡನೆ ಮರಳಿ ಕೂಡಿ ಬಿಡುಗಡೆಯಾಗುವ ಶಕ್ತಿಯನ್ನು ಸೇರಿಸಿಕೊಂಡರೆ ಲೆಕ್ಕ ಸುಧಾರಿಸುತ್ತದೆ. ಆ ಶಕ್ತಿಯಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆ, ಎಷ್ಟು ಬೆಳಕಾಗಿ ಸೋರಿಹೋಗುತ್ತದೆ ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ. ಎರಡು ನಕ್ಷತ್ರಗಳು ಹೀಗೆ ಒಂದರೊಳಗೊಂದು ಸೇರಿದ್ದನ್ನು ನೇರವಾಗಿ ಕಂಡದ್ದೂ ಉಂಟು. 2008ರಲ್ಲಿ ವೃಶ್ಚಿಕದಲ್ಲಿ ಭುಗಿಲೆದ್ದ ವಿ1309 ಸ್ಕಾರ್ಪಿಯ ಹಳೆಯ ಚಿತ್ರಗಳನ್ನು ತೆಗೆದು ನೋಡಿದಾಗ, ಸುಮಾರು 1.4 ದಿನದ ಕಕ್ಷಾವಧಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾ ಬಂದದ್ದು ಸಿಕ್ಕಿತು. ಅಲ್ಲಿ ಹೊದಿಕೆ ಚದುರಿ ಜೋಡಿ ಉಳಿಯಲಿಲ್ಲ, ಎರಡೂ ಒಂದಾದವು.

ಸಮಾನ ಹೊದಿಕೆಯಿಂದ ಹೊರಬಂದ ಉಪಕುಬ್ಜಗಳಿಗೆ ಒಳ್ಳೆಯ ಮಾದರಿ ಕನ್ಯಾರಾಶಿಯ ಎಚ್‌ಡಬ್ಲ್ಯು ವರ್ಜಿನಿಸ್. ಇದರ ಗ್ರಹಣಗಳನ್ನು 1986ರಲ್ಲಿ ಮೆಂಜಿಸ್ ಮತ್ತು ಮರಾಂಗ್ ವರದಿ ಮಾಡಿದರು. 2 ಗಂಟೆ 48 ನಿಮಿಷಕ್ಕೊಂದು ಸುತ್ತು. ಜೊತೆಗಾರ ಸೂರ್ಯನ ಏಳನೇ ಒಂದರಷ್ಟು ಭಾರದ ಕೆಂಪು ಕುಬ್ಜ. ಉಪಕುಬ್ಜಕ್ಕೆ ಎದುರಾದ ಅದರ ಮೈ ಕಾದು ಹೊಳೆಯುವುದರಿಂದ ಪ್ರತಿ ಸುತ್ತಿನಲ್ಲೂ ಬೆಳಕು ಏರಿಳಿಯುತ್ತದೆ. ಈ ಜಾತಿಯ ಕೆಲವು ಜೋಡಿಗಳಲ್ಲಿ ಸಂಗಾತಿ ನಕ್ಷತ್ರವೂ ಅಲ್ಲ, ಹೈಡ್ರೊಜನ್ ಉರಿಸಲಾರದ ಕಂದು ಕುಬ್ಜ. ಅಷ್ಟು ಸಣ್ಣ ಕಾಯವೊಂದು ದೈತ್ಯದ ಹೊದಿಕೆಯನ್ನು ಕಿತ್ತುಹಾಕಬಲ್ಲದು ಎಂಬುದು ಆಲ್ಫಾವನ್ನು ಕುರಿತ ಚರ್ಚೆಗೆ ದೊಡ್ಡ ಸವಾಲು.

ಅನುಪಾತ ಅಷ್ಟು ವಿಷಮವಾಗಿಲ್ಲದಿದ್ದರೆ ಹರಿವು ಹದತಪ್ಪದೆ ಸಾಗುತ್ತದೆ, ಕಕ್ಷೆ ಕುಗ್ಗುವ ಬದಲು ಅಗಲವಾಗುತ್ತದೆ. ದೈತ್ಯದ ಗರ್ಭ ಬೆತ್ತಲೆಯಾಗುವ ಹೊತ್ತಿಗೆ ಸಂಗಾತಿ ನೂರಾರು ದಿನಗಳ ಕಕ್ಷೆಯಲ್ಲಿ ದೂರ ನಿಂತಿರುತ್ತದೆ. ಇಂಥವು ಇರಬೇಕೆಂದು ಸಿದ್ಧಾಂತ ಹೇಳುತ್ತಿದ್ದರೂ ಬಹುಕಾಲ ಒಂದೂ ಖಚಿತವಾಗಿ ಸಿಕ್ಕಿರಲಿಲ್ಲ. ಒಂದು ಸುತ್ತಿಗೆ ಎರಡು ಮೂರು ವರ್ಷ ಹಿಡಿಯುವ, ಸೆಕೆಂಡಿಗೆ ಕೆಲವೇ ಕಿಲೋಮೀಟರಿನ ಓಲಾಟವನ್ನು ಅಳೆಯಲು ಒಂದೇ ದೂರದರ್ಶಕವನ್ನು ವರ್ಷಗಟ್ಟಲೆ ಹಿಡಿದಿಡಬೇಕು. 2012ರ ಸುಮಾರಿಗೆ ಬೆಲ್ಜಿಯಂ ಮತ್ತು ಅಮೆರಿಕದ ತಂಡಗಳು ಪಿಜಿ 1018−047, ಪಿಜಿ 1104+243 ಮೊದಲಾದವುಗಳ ಕಕ್ಷೆಗಳನ್ನು ಕೊನೆಗೂ ಬಿಡಿಸಿದವು; ಎರಡೂ 750 ದಿನ ಮೀರಿದವು. ಈಗ ಸಾವಿರ ದಿನ ದಾಟಿದವೂ ಗೊತ್ತಿವೆ. ಇವುಗಳಲ್ಲಿ ಹಲವು ಕಕ್ಷೆಗಳು ವೃತ್ತಾಕಾರವಾಗಿಲ್ಲ ಎಂಬುದೊಂದು ತೊಡಕು. ದೈತ್ಯವಿದ್ದಾಗಿನ ಉಬ್ಬರವಿಳಿತದ ಎಳೆತ ಕಕ್ಷೆಯನ್ನು ದುಂಡಗೆ ಮಾಡಿರಬೇಕಿತ್ತು.

ಮೂರನೆಯದು ವಿಲೀನ. ಎರಡು ಹೀಲಿಯಂ ಬಿಳಿ ಕುಬ್ಜಗಳು ಹತ್ತಿರದ ಕಕ್ಷೆಯಲ್ಲಿ ಸುತ್ತುತ್ತಿದ್ದರೆ ಗುರುತ್ವ ಅಲೆಗಳ ರೂಪದಲ್ಲಿ ಶಕ್ತಿ ಕಳೆಯುತ್ತಾ ಕೊನೆಗೆ ಸೇರಿಕೊಳ್ಳುತ್ತವೆ. ಒಟ್ಟು ರಾಶಿ ಸಾಕಷ್ಟಿದ್ದರೆ ಹೀಲಿಯಂ ಮತ್ತೆ ಹೊತ್ತುತ್ತದೆ. 1984ರಲ್ಲಿ ರೊನಾಲ್ಡ್ ವೆಬಿಂಕ್, ಹಾಗೆಯೇ ಐಬೆನ್ ಮತ್ತು ಟುಟುಕೋವ್ ಈ ದಾರಿಯನ್ನು ತೋರಿಸಿದರು. ಸಂಗಾತಿಯೇ ಕಾಣದ ಒಂಟಿ ಉಪಕುಬ್ಜಗಳಿಗೂ, ಹೊರಮೈಯಲ್ಲಿ ಹೀಲಿಯಂ ತುಂಬಿದ ಒ ವರ್ಗದವಕ್ಕೂ ಇದು ಸಹಜ ವಿವರಣೆ. ಆದರೆ ವಿಲೀನದ ಕೂಸು ರಭಸದಿಂದ ತನ್ನ ಸುತ್ತ ತಿರುಗಬೇಕು. ಬಿ ವರ್ಗದ ಒಂಟಿಗಳು ಬಹಳ ನಿಧಾನವಾಗಿ ತಿರುಗುತ್ತವೆ. ಅವುಗಳ ತಿರುಗಣೆ ಎಲ್ಲಿ ಹೋಯಿತೆಂಬುದಕ್ಕೆ ನಂಬುವಂಥ ಉತ್ತರ ಇನ್ನೂ ಬರಬೇಕು.

ಎಣಿಕೆ ಹೇಳುವುದು

2001ರಲ್ಲಿ ಪಿಯರ್ ಮ್ಯಾಕ್ಸ್‌ಟೆಡ್ ಮತ್ತು ಜೊತೆಗಾರರು ಬಿ ವರ್ಗದ ಉಪಕುಬ್ಜಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹತ್ತು ದಿನಕ್ಕಿಂತ ಕಿರಿದಾದ ಕಕ್ಷೆಯ ಜೋಡಿಗಳೆಂದು ತೋರಿಸಿದರು. ಮುಂದಿನ ಸಮೀಕ್ಷೆಗಳಲ್ಲಿ ಈ ಪ್ರಮಾಣ ಇಳಿದರೂ ಸಾಮಾನ್ಯ ನಕ್ಷತ್ರಗಳಲ್ಲಿ ಇಷ್ಟು ಬಿಗಿಯಾದ ಜೋಡಿಗಳು ಇದಕ್ಕೆ ಹೋಲಿಸಿದರೆ ತೀರ ಕಡಿಮೆ. 2002 ಮತ್ತು 2003ರಲ್ಲಿ ಹಾನ್ ಝಾನ್‌ವೆನ್, ಫಿಲಿಪ್ ಪೊಡ್ಸಿಯಾಡ್ಲೊವ್ಸ್ಕಿ ಮೊದಲಾದವರು ಮೇಲೆ ಹೇಳಿದ ಮೂರೂ ದಾರಿಗಳನ್ನು ಒಂದೇ ಮಾದರಿಯಲ್ಲಿ ಕೂಡಿಸಿ ಯಾವುದರಿಂದ ಎಷ್ಟು ಹುಟ್ಟಬೇಕೆಂದು ಲೆಕ್ಕ ಮಾಡಿದರು. ಇಂದಿಗೂ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಆ ಮಾದರಿಯೊಡನೆಯೇ ತಮ್ಮ ಅಳತೆಗಳನ್ನು ಹೋಲಿಸಿ ನೋಡುತ್ತಾರೆ. 2020ರಲ್ಲಿ ಇಂಗ್ರಿಡ್ ಪೆಲಿಸೋಲಿ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಉಪಕುಬ್ಜ ಹುಟ್ಟಲು ಸಂಗಾತಿಯ ಕೈವಾಡ ಯಾವಾಗಲೂ ಬೇಕೆಂದಿತು.

ಗೋಳಗುಚ್ಛಗಳು ಈ ತೀರ್ಮಾನಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಎನ್‌ಜಿಸಿ 6752ರಲ್ಲಿ ಸಮತಲ ಶಾಖೆಯ ನೀಲಿ ತುದಿಯ ನಕ್ಷತ್ರಗಳು ಧಾರಾಳವಾಗಿವೆ, ಅವುಗಳಲ್ಲಿ ಬಿಗಿಯಾದ ಜೋಡಿಗಳು ಮಾತ್ರ ಬೆರಳೆಣಿಕೆಯವು. ಅಲ್ಲಿಯ ಮುದಿ ನಕ್ಷತ್ರಗಳಲ್ಲಿ ಕೆಲವು ಹುಟ್ಟಿನಿಂದಲೇ ಹೀಲಿಯಂ ಹೆಚ್ಚಿದ್ದವು. ಅಂಥವು ಬೇರೆ ದಾರಿಯಲ್ಲೂ ಬಿಸಿಯಾಗಬಲ್ಲವು. ಗುಚ್ಛದ ನಿಯಮವನ್ನು ಗುಚ್ಛಗಳ ಹೊರಗಿನ ಬಯಲಿನ ನಕ್ಷತ್ರಗಳಿಗೂ, ಬಯಲಿನದನ್ನು ಗುಚ್ಛಕ್ಕೂ ಹಾಗೆಯೇ ಅನ್ವಯಿಸದಿರುವುದು ಲೇಸು.

ಉಪಕುಬ್ಜಗಳ ಪ್ರಭಾವ ಗೆಲಾಕ್ಸಿಗಳ ಮಟ್ಟದಲ್ಲೂ ಕಾಣುತ್ತದೆ. 1960ರ ದಶಕದ ಕೊನೆಯಲ್ಲಿ ಕಕ್ಷೆಗೇರಿದ ಓಎಒ-2 ಉಪಗ್ರಹ ಆಂಡ್ರೊಮಿಡಾ ಗೆಲಾಕ್ಸಿಯ ನಡುಭಾಗದಿಂದ ಎಣಿಸಿರದಷ್ಟು ನೇರಳಾತೀತ ಬೆಳಕನ್ನು ಕಂಡಿತ್ತು. ಹೊಸ ನಕ್ಷತ್ರಗಳು ಹುಟ್ಟದ ಅಂಡಾಕಾರದ ಗೆಲಾಕ್ಸಿಗಳಲ್ಲೂ ಅದೇ ಬೆಳಕು ದೊರೆಯಿತು. ಅದರ ಮೂಲ ಯಮಳಗಳಿಂದ ಹುಟ್ಟಿದ ಉಪಕುಬ್ಜಗಳೆಂದು ಹಾನ್ ತಂಡ 2007ರಲ್ಲಿ ವಾದಿಸಿತು. ಒಂಟಿ ನಕ್ಷತ್ರಗಳನ್ನಷ್ಟೇ ಕೂಡಿಸಿ ಗೆಲಾಕ್ಸಿಯ ವಯಸ್ಸು ಅಳೆಯುವವರು ಎಚ್ಚರ ತಪ್ಪಬಾರದೆಂಬುದಕ್ಕೆ ಇದೂ ಒಂದು ಕಾರಣ.

ಭಾರದ ಸೋದರರು

ಇದೇ ಕಳಚುವಿಕೆ ಇನ್ನೂ ಭಾರದ ನಕ್ಷತ್ರಗಳಲ್ಲೂ ನಡೆಯುತ್ತದೆ. ಪಾರ್ಥ ಪುಂಜದ ಫೈ ಪರ್ಸಿಯೈ ರಭಸದಿಂದ ತಿರುಗುವ ನೀಲಿ ನಕ್ಷತ್ರ. ಅದನ್ನು 127 ದಿನಕ್ಕೊಮ್ಮೆ ಸುತ್ತುವ ಒ ವರ್ಗದ ಉಪಕುಬ್ಜವೊಂದನ್ನು ಡಗ್ಲಸ್ ಗೀಸ್ ತಂಡ 1998ರಲ್ಲಿ ಹಬಲ್ ದೂರದರ್ಶಕದ ನೇರಳಾತೀತ ರೋಹಿತದಲ್ಲಿ ಬೇರ್ಪಡಿಸಿತು. ಉಪಕುಬ್ಜ ಬಿಟ್ಟುಕೊಟ್ಟ ದ್ರವ್ಯದೊಡನೆ ಬಂದ ಕೋನೀಯ ಸಂವೇಗವೇ ದೊಡ್ಡ ನಕ್ಷತ್ರದ ತಿರುಗಣೆಗೆ ಕಾರಣ. ಒ ವರ್ಗದ ದೊಡ್ಡ ನಕ್ಷತ್ರಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ತಮ್ಮ ಬಾಳಿನಲ್ಲಿ ಸಂಗಾತಿಯೊಡನೆ ದ್ರವ್ಯ ಹಂಚಿಕೊಳ್ಳುತ್ತವೆಂದು 2012ರಲ್ಲಿ ಹ್ಯೂಗ್ ಸಾನಾ ತಂಡ ಅಂದಾಜಿಸಿತ್ತು. ಹಾಗಿದ್ದರೆ ಎರಡರಿಂದ ಎಂಟು ಸೌರರಾಶಿಯ ಬೆತ್ತಲೆ ಹೀಲಿಯಂ ನಕ್ಷತ್ರಗಳು ಹೇರಳವಾಗಿರಬೇಕಿತ್ತು, ಆದರೆ ಕಂಡಿರಲಿಲ್ಲ. 2023ರ ಡಿಸೆಂಬರಿನಲ್ಲಿ ಮರಿಯಾ ಡ್ರೌಟ್ ಮತ್ತು ಯ್ಲ್ವಾ ಗೋಟ್‌ಬರ್ಗ್ ತಂಡ ಮೆಗಲಾನಿಕ್ ಮೋಡಗಳೆಂಬ ನೆರೆಯ ಗೆಲಾಕ್ಸಿಗಳಲ್ಲಿ ಇಂಥ 25 ನಕ್ಷತ್ರಗಳನ್ನು ಗುರುತಿಸಿ ಆ ಕೊರತೆಯನ್ನು ಒಂದು ಮಟ್ಟಿಗೆ ತುಂಬಿತು. ಹೈಡ್ರೊಜನ್ ಸುಳಿವಿಲ್ಲದ ಸೂಪರ್‌ನೋವಾಗಳ ಮೂಲ ಇವೇ ಇರಬೇಕು.

ಸಂಗಾತಿಯ ಬೆಳಕಿನಲ್ಲಿ ಅಡಗಿದ ಬಿಸಿ ಕಾಯಗಳನ್ನು ಹಿಡಿಯಲು ನೇರಳಾತೀತವೇ ಸರಿಯಾದ ಕಿಂಡಿ. ಇಲ್ಲಿ ಭಾರತದ ಕೊಡುಗೆ ಗಮನಾರ್ಹ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕ, ಯುವಿಐಟಿ, ರೂಪುಗೊಂಡದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳ್ತನದಲ್ಲಿ. ಜೋಡಣೆ ನಡೆದದ್ದು ಸಂಸ್ಥೆಯ ಹೊಸಕೋಟೆ ಆವರಣದಲ್ಲಿ. ಮರುವರ್ಷವೇ ಅನ್ನಪೂರ್ಣಿ ಸುಬ್ರಮಣಿಯಂ ತಂಡ ಎನ್‌ಜಿಸಿ 188 ಎಂಬ ಹಳೆಯ ಗುಚ್ಛದ ಒಂದು ನೀಲಿ ನಕ್ಷತ್ರದ ಪಕ್ಕದಲ್ಲಿ ಸುಮಾರು 17,000 ಕೆಲ್ವಿನ್ ತಾಪದ ಬಿಸಿ ಸಂಗಾತಿಯನ್ನು ತೋರಿಸಿತು. ತನ್ನ ವಯಸ್ಸಿಗೆ ಮೀರಿ ನೀಲಿಯಾಗಿ ಕಾಣುವ ಆ ನಕ್ಷತ್ರ ಕೊಳ್ಳುವವನು. ಬಿಸಿ ಸಂಗಾತಿ ಕೊಟ್ಟು ಬರಿದಾದವನು. ಉಪಕುಬ್ಜಗಳ ಅಧ್ಯಯನ ಸಾಮಾನ್ಯವಾಗಿ ಕೊಟ್ಟವರನ್ನೇ ನೋಡುತ್ತದೆ. ಈ ಕೆಲಸ ಅದೇ ವ್ಯವಹಾರವನ್ನು ಕೊಂಡವರ ಕಡೆಯಿಂದ ನೋಡಿದ್ದು.

ಮುಂದಿನ ಗತಿ

ಹೆಚ್ಚಿನ ಉಪಕುಬ್ಜಗಳು ಸದ್ದಿಲ್ಲದೆ ಬಿಳಿ ಕುಬ್ಜಗಳಾಗುತ್ತವೆ. ಸಂಗಾತಿ ತೀರ ಹತ್ತಿರದಲ್ಲಿರುವ ಭಾರದ ಬಿಳಿ ಕುಬ್ಜವಾಗಿದ್ದರೆ ಕತೆ ಬೇರೆ. ಸಿಡಿ −30°11223 ಜೋಡಿ ಸುಮಾರು 70 ನಿಮಿಷಕ್ಕೊಮ್ಮೆ ಸುತ್ತುತ್ತದೆ. 2013ರಲ್ಲಿ ಸ್ಟೀಫನ್ ಗೈಯರ್ ತಂಡ ಕೊಟ್ಟ ಲೆಕ್ಕದಂತೆ ಮುಂದೆ ಉಪಕುಬ್ಜದ ಹೀಲಿಯಂ ಬಿಳಿ ಕುಬ್ಜದ ಮೇಲೆ ಸುರಿಯತೊಡಗಿ, ಮೇಲಿನ ಪದರ ಸಿಡಿದು, ಆ ಆಘಾತ ಒಳಗಿನ ಇಂಗಾಲವನ್ನೂ ಸಿಡಿಸಿ, ಬಿಳಿ ಕುಬ್ಜ ಇಡಿಯಾಗಿ ಒಂದನೇ-ಎ ಬಗೆಯ ಸೂಪರ್‌ನೋವಾ ಆಗಬಹುದು. ಸುರಿಯುವಿಕೆ ಆಗಲೇ ಶುರುವಾಗಿರುವ ಜೋಡಿಯೂ ಈಗ ಸಿಕ್ಕಿದೆ: 2020ರಲ್ಲಿ ಥಾಮಸ್ ಕುಪ್ಫರ್ ತಂಡ ಪ್ರಕಟಿಸಿದ ಝಡ್‌ಟಿಎಫ್ ಜೆ2130+4420, ಸುತ್ತು 39 ನಿಮಿಷ.

ಸ್ಫೋಟದಲ್ಲಿ ಬಿಳಿ ಕುಬ್ಜ ಇಲ್ಲವಾದರೆ ಉಪಕುಬ್ಜ ತನ್ನ ಕಕ್ಷಾವೇಗದಲ್ಲೇ ಹೊರಗೆ ಎಸೆಯಲ್ಪಡುತ್ತದೆ. 2005ರಲ್ಲಿ ಹೈಕೊ ಹಿರ್ಶ್ ಮತ್ತಿತರರು ಗುರುತಿಸಿದ ಯುಎಸ್ 708 ಇಂಥದ್ದಿರಬೇಕು. ಹೀಲಿಯಂ ತುಂಬಿದ ಈ ಒ ವರ್ಗದ ಉಪಕುಬ್ಜ ಸೆಕೆಂಡಿಗೆ ಸುಮಾರು 1,200 ಕಿಲೋಮೀಟರು ಓಡುತ್ತಿದೆ. ಆಕಾಶಗಂಗೆಗೆ ಅದನ್ನು ಹಿಡಿದಿಡಲಾಗದು. ಗೆಲಾಕ್ಸಿಯ ನಡುವಿನ ಕಪ್ಪು ಕುಳಿ ಅದನ್ನು ಎಸೆದಿರಬಹುದೆಂದು ಮೊದಲು ಎಣಿಸಿದ್ದರು. 2015ರಲ್ಲಿ ಅದರ ಪಥವನ್ನು ಹಿಂದಕ್ಕೆ ಎಳೆದು ನೋಡಿದಾಗ ಅದು ಆ ಕಡೆಯಿಂದ ಬಂದಿಲ್ಲವೆಂದು ಕಂಡಿತು. ಅದು ವೇಗವಾಗಿ ತನ್ನ ಸುತ್ತ ತಿರುಗುತ್ತಿರುವುದು ಹಿಂದೆ ಬಲು ಬಿಗಿಯಾದ ಜೋಡಿಯಲ್ಲಿತ್ತೆಂಬ ಊಹೆಗೆ ಪುಷ್ಟಿ ಕೊಡುತ್ತದೆ.

ಗಂಟೆಯೊಳಗೆ ಸುತ್ತು ಮುಗಿಸುವ ಅಥವಾ ಅದರ ಆಸುಪಾಸಿನ ಜೋಡಿಗಳು ಹೊಮ್ಮಿಸುವ ಗುರುತ್ವ ಅಲೆಗಳು ನೆಲದ ಮೇಲಿನ ಲೈಗೋದಂಥ ಉಪಕರಣಗಳಿಗೆ ಎಟುಕದಷ್ಟು ನಿಧಾನದವು. ಯೂರೋಪಿನ ಬಾಹ್ಯಾಕಾಶ ಸಂಸ್ಥೆ 2024ರಲ್ಲಿ ಒಪ್ಪಿಗೆ ಕೊಟ್ಟ, 2030ರ ದಶಕದ ನಡುವೆ ಹಾರಬೇಕಾಗಿರುವ ಲೀಸಾ ಎಂಬ ಮೂರು ನೌಕೆಗಳ ಕೂಟ ಆಲಿಸುವುದು ಇಂಥ ಕಂಪನಗಳನ್ನೇ. ಕಕ್ಷೆಯ ಅಳತೆ ಮೊದಲೇ ಗೊತ್ತಿರುವ ಸಿಡಿ −30°11223, ಆ ಉಪಕರಣ ಸರಿಯಾಗಿ ಕೇಳುತ್ತಿದೆಯೇ ಎಂದು ಪರೀಕ್ಷಿಸಲು ಆರಿಸಿಟ್ಟಿರುವ ಜೋಡಿಗಳ ಪಟ್ಟಿಯಲ್ಲಿದೆ.